ರೈಲಿಲ್ಲದ ಜಿಲ್ಲೆಯ ರೈಲ್ವೆ ಸಚಿವ

ಎಂಬತ್ತರ ದಶಕದ ಮಧ್ಯಭಾಗದಲ್ಲಿ ಕಿರಿಯ ಅಧಿಕಾರಿಯಾಗಿ ನಾನು ಮಡಿಕೇರಿಗೆ ವರ್ಗವಾಗಿ ಹೋದೆ. ಒಂದು ಜಮೀನಿನ ಹಳೆಯ ಕಡತ ಹುಡುಕುತ್ತಿದ್ದಾಗ, ನಿವೃತ್ತಿಯ ಅಂಚಿನಲ್ಲಿದ್ದ ದಾಖಲೆ ಗುಮಾಸ್ತರು ಧೂಳು ಕೊಡವುತ್ತಾ ಹೇಳಿದರು: ‘ಇದು ಜಿಲ್ಲೆಯ ಕಡತವಲ್ಲ ಸ್ವಾಮಿ, ರಾಜ್ಯದ ಕಡತ. ಈ ಊರಿನಲ್ಲೂ ಒಬ್ಬರು ಮುಖ್ಯಮಂತ್ರಿ ಇದ್ದರು.’

ಅವರು ಹೇಳಿದ್ದು ಚೆಪ್ಪುಡಿರ ಮುತ್ತಣ್ಣ ಪೂಣಚ್ಚ ಅವರ ಬಗ್ಗೆ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಪೂಣಚ್ಚ, ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿದ್ದರು. ‘ಸಿ’ ವರ್ಗದ ರಾಜ್ಯವಾದ ಕೊಡಗಿಗೆ 1952ರಲ್ಲಿ ನಡೆದ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ ಕಾಂಗ್ರೆಸ್ 15ನ್ನು ಗೆದ್ದಿತು. ಮೈಸೂರಿನೊಡನೆ ವಿಲೀನವನ್ನು ವಿರೋಧಿಸಿದ ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಚಿಹ್ನೆಯ ಬಣಕ್ಕೆ ಉಳಿದ 9 ಸ್ಥಾನಗಳು ದಕ್ಕಿದವು. ಪೂಣಚ್ಚ ಮುಖ್ಯಮಂತ್ರಿಯಾದರು. ಸಂಪುಟದಲ್ಲಿ ಅವರ ಜೊತೆಗಿದ್ದವರು ಕುಟ್ಟೂರು ಮಲ್ಲಪ್ಪ ಒಬ್ಬರೇ. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಲೀನವಾಯಿತು. ಆ ರಾಜ್ಯದ ಮೊದಲ ಮುಖ್ಯಮಂತ್ರಿಯೂ ಅವರೇ, ಕೊನೆಯವರೂ ಅವರೇ.

ತಮ್ಮ ರಾಜ್ಯವೇ ಇಲ್ಲವಾದ ಮೇಲೂ ಪೂಣಚ್ಚನವರ ಸಾರ್ವಜನಿಕ ಜೀವನ ಮುಗಿಯಲಿಲ್ಲ. ಅವರು ಮೈಸೂರು ರಾಜ್ಯದಲ್ಲಿ ಸಚಿವರಾದರು. ಮುಂದೆ ರಾಜ್ಯಸಭೆಗೆ ಹೋದರು. 1967ರಿಂದ 1969ರವರೆಗೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ರೈಲ್ವೆ ಸಚಿವರಾಗಿದ್ದು, ಬಳಿಕ ಕೆಲಕಾಲ ಉಕ್ಕು ಖಾತೆಯನ್ನೂ ನೋಡಿಕೊಂಡರು. 1978ರಿಂದ 1983ರವರೆಗೆ ಮೊದಲು ಮಧ್ಯಪ್ರದೇಶ, ಆಮೇಲೆ ಒರಿಸ್ಸಾದ ರಾಜ್ಯಪಾಲರಾಗಿದ್ದರು. 1990ರಲ್ಲಿ ನಿಧನರಾದರು.

‘ರೈಲ್ವೆ ಸಚಿವರಾಗಿದ್ದೂ ಸ್ವಂತ ಜಿಲ್ಲೆಗೆ ಒಂದು ಹಳಿ ತರಲಿಲ್ಲ’ ಎಂಬ ಮಾತನ್ನು ಕೊಡಗಿನಲ್ಲಿ ನಾನೂ ಕೇಳಿದ್ದೇನೆ. ಅರ್ಥಶಾಸ್ತ್ರ ಓದಿದ ನನಗೆ ಈ ಆಕ್ಷೇಪ ಅಷ್ಟೇನೂ ನ್ಯಾಯವೆನಿಸುವುದಿಲ್ಲ. ಕಡಿದಾದ ಘಟ್ಟ, ವಿರಳ ಜನವಸತಿ, ಕಾಫಿ–ಮೆಣಸುಗಳಷ್ಟೇ ಸರಕು; ಇಂಥಲ್ಲಿ ಹಳಿಯ ವೆಚ್ಚವನ್ನು ಯಾವ ಲೆಕ್ಕವೂ ಸುಲಭವಾಗಿ ಒಪ್ಪದು. ಕಾಡು ಕಡಿದು ರೈಲು ಬೇಕೇ ಎಂಬ ಬಗ್ಗೆ ಕೊಡಗಿನವರಲ್ಲೇ ಒಮ್ಮತವಿಲ್ಲ. ದೇಶದ ಖಾತೆಯನ್ನು ತವರಿನ ಖಾತೆಯೆಂದು ಭಾವಿಸುವ ಸಚಿವರನ್ನು ಆಮೇಲೆ ನಾವು ಬೇಕಾದಷ್ಟು ಕಂಡಿದ್ದೇವೆ.

ನಾವು ಕೇಳಬೇಕಾದ ಪ್ರಶ್ನೆ ಬೇರೆ. ವ್ಯಕ್ತಿ ಮಡಿಕೇರಿಯಿಂದ ದೆಹಲಿಗೆ ಏರುತ್ತಿದ್ದಂತೆ, ಅವರು ಹೊರಟ ನೆಲದ ದನಿ ಏನಾಯಿತು? 1952ರಲ್ಲಿ ಕೊಡಗಿಗೆ ತನ್ನದೇ ಲೋಕಸಭಾ ಸ್ಥಾನವಿತ್ತು. ವಿಲೀನದ ನಂತರ ಅದು ಮಂಗಳೂರು ಕ್ಷೇತ್ರದ ಪಾಲಾಯಿತು. 2009ರಿಂದ ಮೈಸೂರಿನ ಜೊತೆ. 24 ಶಾಸಕರಿದ್ದ ನಾಡಿಗೆ ವಿಧಾನಸಭೆಯಲ್ಲಿ ಉಳಿದದ್ದು ಮೂರು ಸ್ಥಾನ. 2008ರ ಕ್ಷೇತ್ರ ಮರುವಿಂಗಡಣೆಯ ಬಳಿಕ 224ರಲ್ಲಿ ಎರಡೇ.

ಹಾಗೆಂದು ಪ್ರತ್ಯೇಕ ರಾಜ್ಯವೇ ಉಳಿಯಬೇಕಿತ್ತೆಂದು ನಾನು ವಾದಿಸಲಾರೆ. 1951ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ. ಅಷ್ಟು ಜನರಿಗೊಂದು ಸಚಿವಾಲಯ, ಒಂದು ಶಾಸಕಾಂಗ ಎಂದರೆ ಹೊರೆಯೇ ಸರಿ. ಅಲ್ಲದೆ ಆ ಶಾಸನಸಭೆಯ ಅಧಿಕಾರವೂ ಸೀಮಿತ. ಕೇಂದ್ರದ ಮುಖ್ಯ ಆಯುಕ್ತರು ಮೇಲಿದ್ದರು, ಮಸೂದೆಗಳಿಗೆ ರಾಷ್ಟ್ರಪತಿಗಳ ಅಂಕಿತ ಬೇಕಿತ್ತು. ಆದರೆ ತನ್ನ ಊರಿನ ರಸ್ತೆ, ಶಾಲೆ, ಆಸ್ಪತ್ರೆಗಳ ಬಗ್ಗೆ ಪ್ರಶ್ನಿಸಬಹುದಾದ ಸಭೆ ಪ್ರಜೆಗೆ ಕೂಗಳತೆಯಲ್ಲಿತ್ತು. ವಿಲೀನದಲ್ಲಿ ಕಳೆದುಹೋದದ್ದು ಅದು.

ಈ ನಷ್ಟವನ್ನು ತುಂಬಿಕೊಡಬೇಕಾದದ್ದು ಸ್ಥಳೀಯ ಸ್ವರಾಜ್ಯ. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಚುನಾಯಿತವಾಗಿ ಬಂದಾಗ ನಮ್ಮಂಥ ಅಧಿಕಾರಿಗಳಿಗೆ ಇರುಸುಮುರುಸಾದದ್ದು ನಿಜ. ಸದಸ್ಯರು ನೇರವಾಗಿ ಕಡತ ಕೇಳುತ್ತಿದ್ದರು, ಉತ್ತರ ಕೊಡದೆ ವಿಧಿಯಿರಲಿಲ್ಲ. ಅದೇ ಸರಿಯಾದ ವ್ಯವಸ್ಥೆಯೆಂದು ಅರಿವಾಗಲು ನನಗೆ ವರ್ಷಗಳೇ ಬೇಕಾದವು. ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ದೊಡ್ಡ ಜಿಲ್ಲೆಗಳಿಗೆ ಹತ್ತಾರು ಶಾಸಕರಾದರೂ ಇದ್ದಾರೆ; ಕೊಡಗಿಗೆ ಇಬ್ಬರು.

ಇನ್ನೊಬ್ಬ ಪೂಣಚ್ಚ ಬರಲೆಂದು ಕಾಯುವುದು ವ್ಯರ್ಥ. ಒಬ್ಬ ನಾಯಕ ಎಷ್ಟೇ ಎತ್ತರಕ್ಕೇರಿದರೂ ಅವನು ಒಂದು ನಾಡಿನ ಸಭೆಗೆ ಬದಲಿಯಾಗಲಾರ. ಆ ಗುಮಾಸ್ತರು ನೆನೆಯುತ್ತಿದ್ದುದು ಮುಖ್ಯಮಂತ್ರಿಯ ಕುರ್ಚಿಯನ್ನಲ್ಲ, ತಮ್ಮ ಮಾತು ತಲುಪುವ ಬಾಗಿಲನ್ನು ಎಂದು ಈಗ ನನಗೆ ಅನಿಸುತ್ತದೆ.