ಕಲ್ಲಿನ ಮೇಲೊಂದು ಇಂಗ್ಲಿಷ್ ಪಾಠ

ಶ್ರೀರಂಗಪಟ್ಟಣದ ಕೋಟೆಯೊಳಗೆ, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದಲ್ಲಿ ಒಂದು ಕಲ್ಲಿದೆ. ಅದರ ಮೇಲಿರುವುದು ಒಂದೇ ಇಂಗ್ಲಿಷ್ ವಾಕ್ಯ: ‘ದ ಬಾಡಿ ಆಫ್ ಟಿಪ್ಪು ಸುಲ್ತಾನ್ ವಾಸ್ ಫೌಂಡ್ ಹಿಯರ್.’ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ದರಿಯಾ ದೌಲತ್ ಕಡೆಗೆ ಹೊರಡುತ್ತಾರೆ. ಇಂಗ್ಲಿಷ್ ಮೇಷ್ಟ್ರು ಯಾರಾದರೂ ಜೊತೆಗಿದ್ದರೆ ಅವರನ್ನು ಅಲ್ಲೇ ಹತ್ತು ನಿಮಿಷ ನಿಲ್ಲಿಸಬೇಕು ಅನ್ನಿಸುತ್ತದೆ ನನಗೆ. ಒಂದು ಪೀರಿಯಡ್ಡಿನ ಪಾಠ ಆ ಎಂಟು ಪದಗಳಲ್ಲಿ ಇದೆ.

‘ಬಾಡಿ’ ನಾಮಪದ. ‘ಟಿಪ್ಪು ಸುಲ್ತಾನ್’ ಅಂಕಿತನಾಮ. ‘ವಾಸ್ ಫೌಂಡ್’ ಕ್ರಿಯಾಪದ, ‘ಹಿಯರ್’ ಕ್ರಿಯಾವಿಶೇಷಣ, ‘ಆಫ್’ ಪ್ರಿಪೊಸಿಷನ್, ‘ದ’ ಆರ್ಟಿಕಲ್. ಇಷ್ಟನ್ನು ನೋಟ್ಸ್ ಓದಿದ ಮಗುವೂ ಹೇಳೀತು. ಈಗ ಅದನ್ನೇ ಕನ್ನಡದಲ್ಲಿ ಹೇಳಲಿ: ‘ಟಿಪ್ಪು ಸುಲ್ತಾನನ ದೇಹ ಇಲ್ಲಿ ಸಿಕ್ಕಿತು.’ ‘ದ’ ಎಲ್ಲೂ ಇಲ್ಲ. ‘ಆಫ್’ ಅನ್ನುವುದು ಬರೀ ‘ನ’ ಆಗಿ ಹೆಸರಿಗೆ ಅಂಟಿಕೊಂಡಿದೆ. ‘ಇಲ್ಲಿ’ ಕ್ರಿಯಾಪದಕ್ಕಿಂತ ಮುಂದೆ ಬಂದು ಕೂತಿದೆ. ‘ವಾಸ್ ಫೌಂಡ್’ ಎಂಬ ಕರ್ಮಣಿ ಪ್ರಯೋಗಕ್ಕೆ ನಮ್ಮ ‘ಸಿಕ್ಕಿತು’ ಒಂದೇ ಸಾಕಾಗಿದೆ.

ಇನ್ನು ಫ್ರೇಸು. ಐದು ಪದಗಳ ‘ದ ಬಾಡಿ ಆಫ್ ಟಿಪ್ಪು ಸುಲ್ತಾನ್’ ತೆಗೆದು ಆ ಜಾಗದಲ್ಲಿ ‘ಇಟ್’ ಇಟ್ಟು ನೋಡಿ: ‘ಇಟ್ ವಾಸ್ ಫೌಂಡ್ ಹಿಯರ್.’ ವಾಕ್ಯ ನಿಲ್ಲುತ್ತದೆ. ‘ದ ಬಾಡಿ’ ಮಾತ್ರ ತೆಗೆದು ‘ಇಟ್ ಆಫ್ ಟಿಪ್ಪು ಸುಲ್ತಾನ್’ ಎಂದರೆ ಬಿದ್ದುಹೋಗುತ್ತದೆ. ಅಂದರೆ ಆ ಐದೂ ಪದ ಸೇರಿ ಒಂದೇ ಗಂಟು, ಒಂದು ನೌನ್ ಫ್ರೇಸ್. ಅದರೊಳಗೆ ‘ಆಫ್ ಟಿಪ್ಪು ಸುಲ್ತಾನ್’ ಎಂಬ ಇನ್ನೊಂದು ಸಣ್ಣ ಗಂಟು, ಪ್ರಿಪೊಸಿಷನಲ್ ಫ್ರೇಸ್. ಈ ‘ಇಟ್’ ಪರೀಕ್ಷೆಯನ್ನು ಒಮ್ಮೆ ಕೈಯಾರೆ ಮಾಡಿದ ಮಗುವಿಗೆ ಫ್ರೇಸಿನ ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಿಲ್ಲ.

ಪಾರ್ಟ್ಸ್ ಆಫ್ ಸ್ಪೀಚ್ ಎಂಟು ಎಂದು ನಾವೆಲ್ಲ ಕಲಿತಿದ್ದೇವೆ. ಆ ಎಂಟರ ಲೆಕ್ಕ ಕ್ರಿಸ್ತಪೂರ್ವದ ಗ್ರೀಕ್ ವೈಯಾಕರಣರಿಂದ ಲ್ಯಾಟಿನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ನಮ್ಮ ಕಡೆ ಸಂಸ್ಕೃತದ ಪದಗಳನ್ನು ಯಾಸ್ಕ ನಾಲ್ಕು ಬಗೆ ಎಂದ; ಪಾಣಿನಿಗೆ ಎರಡೇ ಬಗೆಯ ಪದಗಳು ಸಾಕಾದವು. ಲೆಕ್ಕ ಭಾಷೆಯಿಂದ ಭಾಷೆಗೆ ಬದಲಾಗುವಾಗ, ಎಂಟು ಹೆಸರು ಒಪ್ಪಿಸುವುದಕ್ಕೇ ಅಷ್ಟೊಂದು ಬೆಲೆ ಯಾಕೆ? ಕೇಳಬೇಕಾದದ್ದು, ಈ ವಾಕ್ಯದಲ್ಲಿ ಈ ಪದ ಏನು ಕೆಲಸ ಮಾಡುತ್ತಿದೆ ಎಂದು.

ಪಾಂಡವಪುರಕ್ಕೆ ಬ್ರಿಟಿಷರು ಇಟ್ಟುಕೊಂಡಿದ್ದ ಹೆಸರನ್ನೇ ತೆಗೆದುಕೊಳ್ಳಿ: ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಬಳಿ ಇದ್ದ ಫ್ರೆಂಚ್ ಪಡೆಯವರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ನಮ್ಮ ಜನರ ಬಾಯಲ್ಲಿ ಆಗ ಊರು ಹಿರೋಡೆಯಾಗಿತ್ತು. ಇಲ್ಲಿ ‘ಫ್ರೆಂಚ್’ ಗುಣವಾಚಕ, ‘ರಾಕ್ಸ್’ ಬಂಡೆಗಳು, ನಾಮಪದ. ‘ದ ಮದರ್ ರಾಕ್ಸ್ ದ ಕ್ರೇಡಲ್’ ಎಂದಾಗ ಅದೇ ‘ರಾಕ್ಸ್’ ತೊಟ್ಟಿಲು ತೂಗುತ್ತದೆ, ಕ್ರಿಯಾಪದ. ಕನ್ನಡದ ಪದಕ್ಕೆ ಪ್ರತ್ಯಯವೇ ಗುರುತು: ಬಂಡೆಯನ್ನು, ಬಂಡೆಗೆ, ತೂಗಿದಳು. ಇಂಗ್ಲಿಷಿನ ಪದವನ್ನು ಬಹಳ ಸಲ ಅದು ಕೂತ ಜಾಗದಿಂದಲೇ ಗುರುತು ಹಿಡಿಯಬೇಕು.

ನಾಗಮಂಗಲದ ಹಿತ್ತಾಳೆ ದೀಪವನ್ನೂ ಹೀಗೇ ನೋಡಬಹುದು. ‘ಬ್ರಾಸ್ ಲ್ಯಾಂಪ್’ ಎಂದಾಗ ‘ಬ್ರಾಸ್’ ಗುಣವಾಚಕವೋ ನಾಮಪದವೋ? ಕನ್ನಡದಲ್ಲೇ ಪರೀಕ್ಷೆ ಮಾಡಿ. ‘ತುಂಬಾ ದೊಡ್ಡ ದೀಪ’ ಎನ್ನುತ್ತೇವೆ. ‘ತುಂಬಾ ಹಿತ್ತಾಳೆ ದೀಪ’ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ‘ವೆರಿ ಬಿಗ್’ ಸರಿ, ‘ವೆರಿ ಬ್ರಾಸ್’ ಇಲ್ಲ. ಹಿತ್ತಾಳೆ ನಾಮಪದವಾಗಿಯೇ ಉಳಿದು ಇನ್ನೊಂದು ನಾಮಪದವನ್ನು ವಿವರಿಸುತ್ತಿದೆ.

ಆದರೆ ಕನ್ನಡ ಕೈಹಿಡಿದು ನಡೆಸುವಂತೆಯೇ ಕೆಲವು ಕಡೆ ದಾರಿ ತಪ್ಪಿಸುತ್ತದೆ. ‘ಆದ’ ಬಂದರೆ ಗುಣವಾಚಕ, ‘ಆಗಿ’ ಬಂದರೆ ಕ್ರಿಯಾವಿಶೇಷಣ ಎಂಬುದು ಒಳ್ಳೆಯ ಸೂತ್ರ: ವೇಗವಾದ ರೈಲು, ವೇಗವಾಗಿ ಹೋಗುವ ರೈಲು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫಾಸ್ಟ್’. ಈ ಸೂತ್ರ ಕೈಕೊಡುವುದು ‘ಅವಳು ಖುಷಿಯಾಗಿ ಕಾಣುತ್ತಾಳೆ’ ಎಂಬಲ್ಲಿ. ‘ಆಗಿ’ ಇದೆಯಲ್ಲ ಎಂದು ನಾನು ಹೈಸ್ಕೂಲಿನಲ್ಲಿ ‘ಶಿ ಲುಕ್ಸ್ ಹ್ಯಾಪಿಲಿ’ ಎಂದು ಬರೆದಿದ್ದೆ. ಕೆಂಪು ಗೆರೆ ಬಿತ್ತು. ಕಾರಣ ಯಾರೂ ಹೇಳಲಿಲ್ಲ. ಖುಷಿ ಇರುವುದು ಅವಳಲ್ಲಿ, ಕಾಣುವ ಕ್ರಿಯೆಯಲ್ಲಿ ಅಲ್ಲ, ಅದಕ್ಕೇ ‘ಹ್ಯಾಪಿ’ ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಕನ್ನಡ ಮಾತಾಡುವ ಮಗು ಈ ತಪ್ಪು ಮಾಡುವುದು ದಡ್ಡತನದಿಂದಲ್ಲ, ತನ್ನ ಭಾಷೆಯ ವ್ಯಾಕರಣವನ್ನು ಸರಿಯಾಗಿ ಪಾಲಿಸಿದ್ದರಿಂದ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಇಷ್ಟು ವರ್ಷ ಕಳೆದರೂ ಇಂಥ ಜಾಗಗಳನ್ನು ಎರಡೂ ಭಾಷೆ ಪಕ್ಕಪಕ್ಕ ಇಟ್ಟು ತೋರಿಸುವ ಪಾಠ ಕಡಿಮೆಯೇ.

ಎರಡೂ ಭಾಷೆಗಳನ್ನು ಹಾಗೆ ಪಕ್ಕಪಕ್ಕ ಇಟ್ಟುಕೊಂಡು ಬದುಕಿದವರು ಇದೇ ಸೀಮೆಯವರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಲೇ ಇಂಗ್ಲಿಷ್ ಕವಿತೆಗಳನ್ನು ಕನ್ನಡದ್ದೇ ಎನ್ನುವಂತೆ ಕನ್ನಡಕ್ಕೆ ತಂದರು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಅಧ್ಯಾಪಕರೇ. ಅವರ ಲಲಿತ ಪ್ರಬಂಧಗಳ ಒಂದು ವಾಕ್ಯದಲ್ಲೂ ಇಂಗ್ಲಿಷಿನ ಭಾರ ಕಾಣುವುದಿಲ್ಲ. ಎರಡರ ಗಂಟುಗಳೂ ಬೇರೆ ಬೇರೆ ಎಂದು ಗೊತ್ತಿದ್ದವರು ಅವರು.

ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆ ಎತ್ತುವ ಬಗೆ’. ಫ್ರೇಸಿಗೂ ಒಂದು ತಲೆ, ಅಂದರೆ ಮುಖ್ಯ ಪದ, ಇರುತ್ತದೆ. ಕನ್ನಡದಲ್ಲಿ ಅದು ಕೊನೆಯಲ್ಲಿ, ಇಂಗ್ಲಿಷಿನಲ್ಲಿ ಬಹಳ ಸಲ ನಡುವೆ. ‘ದ ಪ್ರೈಸ್ ಆಫ್ ದ ಬ್ರಾಸ್ ಲ್ಯಾಂಪ್ಸ್’ ಆದಮೇಲೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ? ಹತ್ತಿರದ ‘ಲ್ಯಾಂಪ್ಸ್’ ನೋಡಿ ಮಕ್ಕಳು ‘ಆರ್’ ಬರೆಯುತ್ತಾರೆ. ಕನ್ನಡದಲ್ಲಿ ‘ಹಿತ್ತಾಳೆ ದೀಪಗಳ ಬೆಲೆ’ ಎಂದು ಹೇಳಿಸಿದರೆ ತಲೆ ಯಾವುದೆಂದು ಅವರೇ ಹೇಳುತ್ತಾರೆ: ಬೆಲೆ, ಏಕವಚನ.

ತಲೆ ಹುಡುಕುವ ಈ ಆಟವನ್ನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ಆಡಬಹುದು. ‘ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೋಗುವ ಕೊನೆಯ ಬಸ್ಸು’ ಎಂದು ಮಗು ಹೇಳಲಿ. ಇಂಗ್ಲಿಷಿನಲ್ಲಿ ‘ದ ಲಾಸ್ಟ್ ಬಸ್ ಫ್ರಮ್ ಕೆ.ಆರ್. ಪೇಟೆ ಟು ನಾಗಮಂಗಲ’. ತಲೆ ತೋರಿಸುವ ಬೆರಳು ಎರಡು ಕಡೆಯೂ ಬಸ್ಸಿನ ಮೇಲೆ ಬಂದರೆ ಆಯಿತು. ಮುಂದಿನ ಫ್ರೇಸನ್ನು ಮಗುವೇ ಕಟ್ಟಿಕೊಳ್ಳುತ್ತದೆ.