ಸಿಇಟಿ: ಎರಡು ಪತ್ರಿಕೆಗಳ ನಡುವಿನ ಬಿಡುವು

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದೊಡನೆ ಭಕ್ತರ ಮನೆಗಳಲ್ಲಿ ಸಿಇಟಿಯ ಚಿಂತೆ ಆರಂಭವಾಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಈ ಪರೀಕ್ಷೆಯಲ್ಲಿ ಒಂದೊಂದು ವಿಷಯಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಬೆಳಗಿನ ಪತ್ರಿಕೆ 10.30ರಿಂದ 11.50ರವರೆಗೆ, ಮಧ್ಯಾಹ್ನದ್ದು 2.30ರಿಂದ 3.50ರವರೆಗೆ. ನೀಟ್ ಪರೀಕ್ಷೆಗೆ ಕುಳಿತವರಿಗೆ ನಡುವೆ ಬಿಡುವೆಂಬುದಿಲ್ಲ. ಸಿಇಟಿಯಲ್ಲಿ ದೊರೆಯುವ ಬಿಡುವಾದರೋ 160 ನಿಮಿಷ, ಅಂದರೆ ಪತ್ರಿಕೆ ಬರೆಯುವ ಅವಧಿಯ ಎರಡು ಪಟ್ಟು. ಪೂರ್ವಸಿದ್ಧತೆಯ ಬಗ್ಗೆ ಹೇಳುವವರು ಬಹಳ ಮಂದಿ. ಈ ಬಿಡುವಿನ ಬಗ್ಗೆ ಯಾರೂ ಹೆಚ್ಚು ಹೇಳದಿರುವುದರಿಂದ ಈ ಸಲ ನಾವು ಅದನ್ನೇ ಎತ್ತಿಕೊಂಡಿದ್ದೇವೆ.

2024ರ ಏಪ್ರಿಲ್ 18ರಂದು ಬೆಳಿಗ್ಗೆ ಜೀವಶಾಸ್ತ್ರ, ಮಧ್ಯಾಹ್ನ ಗಣಿತ ಪತ್ರಿಕೆಗಳಿದ್ದವು. ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ಬಂದಿವೆಯೆಂದು ಆ ವರ್ಷ ದೊಡ್ಡ ಗದ್ದಲವೇ ಎದ್ದಿತು. ಕೊನೆಗೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅವುಗಳಲ್ಲಿ 11 ಜೀವಶಾಸ್ತ್ರದವು. ಆ ಹನ್ನೊಂದು ಪ್ರಶ್ನೆಗಳಿಗಾಗಿ ನಡುಹಗಲಿನಲ್ಲಿ ಕೊರಗುತ್ತ ಗಣಿತದ ಪತ್ರಿಕೆಗೆ ಕುಳಿತ ಮಕ್ಕಳ ಸ್ಥಿತಿಯನ್ನು ಯೋಚಿಸಿರಿ. ಲೆಕ್ಕಕ್ಕೇ ಬಾರದ ಪ್ರಶ್ನೆಗಳು ಅವರ ಮಧ್ಯಾಹ್ನವನ್ನು ನುಂಗಿದ್ದವು.

ಆದುದರಿಂದ ಬಿಡುವಿನ ಮೊದಲ ಕೆಲಸವೆಂದರೆ ಬೆಳಗಿನ ಪತ್ರಿಕೆಯನ್ನು ಕೆಳಗಿಡುವುದು. ಹೊರಗೆ ಬಂದೊಡನೆ ಗುಂಪುಗೂಡಿ ಉತ್ತರ ಹೋಲಿಸುವ ರೂಢಿ ಎಲ್ಲ ಕಾಲೇಜುಗಳ ಅಂಗಳದಲ್ಲಿಯೂ ಇದೆ. ಅಲ್ಲಿ ಗಟ್ಟಿಯಾಗಿ ಹೇಳಿದವನ ಉತ್ತರವೇ ಸರಿಯೆಂದು ತೋರುತ್ತದೆ. ಅಧಿಕೃತ ಕೀ ಉತ್ತರಗಳು ಪ್ರಕಟವಾಗುವುದು ಅನಂತರ; ಅವುಗಳ ಮೇಲೂ ಆಕ್ಷೇಪಣೆಗೆ ಅವಕಾಶವಿರುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲ. ಬೆಳಗಿನ ಒಂದು ತಪ್ಪಿನಿಂದ ಹೋಗುವುದು ಒಂದೇ ಅಂಕ. ಆದರೆ ಕಳವಳಗೊಂಡ ಮನಸ್ಸು ಆ ತಪ್ಪನ್ನೇ ಮತ್ತೆ ಮತ್ತೆ ತಿರುವುತ್ತಿದ್ದರೆ, ಲೆಕ್ಕದ ಮೆಟ್ಟಿಲುಗಳನ್ನು ನೆನಪಿನಲ್ಲಿ ಹಿಡಿದಿಡುವ ಶಕ್ತಿ ಅದಕ್ಕೆ ಕಡಿಮೆಯಾಗುತ್ತದೆ. ಪ್ರಶ್ನೆಯೊಂದಕ್ಕೆ 80 ಸೆಕೆಂಡು ಮಾತ್ರ ಸಿಗುವ ಪರೀಕ್ಷೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಇಲ್ಲಿ ಪಾಲಕರಿಗೂ ಒಂದು ಮಾತು. ಶಿರೂರು, ಕೊಲ್ಲೂರುಗಳಿಂದ ಬೆಳಗಿನ ಬಸ್ಸು ಹಿಡಿದು ಮಗಳೊಡನೆ ಕುಂದಾಪುರಕ್ಕೆ ಬಂದು, ಗೇಟಿನ ಹೊರಗೆ ಕಾದು ನಿಂತ ತಂದೆಯ ಬಾಯಿಗೆ ಮೊದಲು ಬರುವ ಪ್ರಶ್ನೆ "ಹೇಗಾಯಿತು?" ಎಂಬುದೇ. ಅದು ಸಹಜ, ಪ್ರೀತಿಯಿಂದ ಬಂದದ್ದು. ಆದರೂ ಅದನ್ನು ಸಂಜೆಯ ಬಸ್ಸಿಗೆ ಇಟ್ಟುಕೊಳ್ಳಿರಿ. ಎರಡನೆಯ ದಿನವೂ ಪರೀಕ್ಷೆಯಿದ್ದರೆ ಅದರ ಮರುದಿನಕ್ಕೆ. ಮಧ್ಯಾಹ್ನ ಕೇಳಬೇಕಾದುದು "ಹಸಿವಾಯಿತೇ?" ಎಂದಷ್ಟೇ.

ಆಹಾರದ ವಿಚಾರ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ಹರಿದುಹೋಗುತ್ತವೆ. ನೀರು ಸ್ವಲ್ಪ ಕಡಿಮೆಯಾದರೂ ಗಮನ ಕುಂದುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ಎಳನೀರು, ಪುನರ್ಪುಳಿ ಪಾನಕ ಇವೆಲ್ಲ ಒಳ್ಳೆಯವು. ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಬೇಯಿಸಿದ ಹೆಸರುಕಾಳು ಸಾಕು. ಕಾಯಿ ಅರೆದ ಚಟ್ನಿ, ಪಲ್ಯಗಳು ಆ ಸೆಕೆಗೆ ಬೇಗ ಹಳಸುವುದರಿಂದ ಡಬ್ಬಿಗೆ ಹಾಕಬೇಡಿರಿ. ಗೋಳಿಬಜೆ, ಬನ್ಸ್ ಮುಂತಾದ ಕರಿದ ತಿಂಡಿಗಳು ಸಂಜೆಗಿರಲಿ. ಪ್ರಸಾದವನ್ನು ಬಿಡಬಾರದೆಂಬುದು ನಮ್ಮ ನಿಯಮ. ಅದನ್ನು ಪಾಲಿಸುವ ಸುಲಭ ದಾರಿ ಡಬ್ಬಿಗೆ ಕಡಿಮೆ ಹಾಕುವುದು, ಮಗುವಿಗೆ ಒತ್ತಾಯದಿಂದ ಉಣ್ಣಿಸುವುದಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ದೇಹದ ಲಯದಿಂದಲೇ ತೂಕಡಿಕೆ ಬರುತ್ತದೆ. ಹೊಟ್ಟೆ ಬಿರಿಯ ಉಂಡರೆ ಅದು ಇಮ್ಮಡಿಸುತ್ತದೆ.

ಊಟ 12.45ರೊಳಗೆ ಮುಗಿದರೆ ವಿಶ್ರಾಂತಿಗೆ ಸಮಯ ಸಿಗುತ್ತದೆ. ಬೈಂದೂರಿನ ಕಡೆಯವರು ಮನೆಗೆ ಹೋಗಿ ಬರುವ ಮಾತೇ ಇಲ್ಲ. ಉಡುಪಿಯಲ್ಲಿ ಬರೆಯುವ ಬ್ರಹ್ಮಾವರದವರಿಗೆ ಅದು ಸಾಧ್ಯವೆನಿಸಿದರೂ ಹೆದ್ದಾರಿಯ ವಾಹನದಟ್ಟಣೆಯನ್ನು ನಂಬಿ ಹೊರಡುವುದು ಬೇಡ. ನೆರಳಿನ ಜಗಲಿಯಲ್ಲಿ ಗೋಡೆಗೊರಗಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಬಹುದು. ಅದಕ್ಕಿಂತ ಹೆಚ್ಚು ಮಲಗಿದರೆ ಗಾಢನಿದ್ರೆಗೆ ಜಾರಿ, ಎದ್ದ ಮೇಲೂ ಮಂಪರು ಬಿಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಮಲಗಬಾರದು. ನಿದ್ರೆ ಬಾರದವರು ಉಸಿರನ್ನು ಗಮನಿಸುತ್ತ, ಹೊರಬಿಡುವ ಉಸಿರನ್ನು ನಿಧಾನಗೊಳಿಸುತ್ತ ಕುಳಿತರೂ ಎದೆಬಡಿತ ಇಳಿಯುತ್ತದೆ. ನಿತ್ಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕುಳಿತು ರೂಢಿಯಿರುವ ಮಕ್ಕಳಿಗೆ ಇದು ಹೊಸತಲ್ಲ.

ಓದುವುದೇ ಬೇಡವೇ ಎಂದು ಕೇಳಬಹುದು. ತಾನೇ ಬರೆದುಕೊಂಡ ಸೂತ್ರಗಳ ಹಾಳೆಯೊಂದನ್ನು ಒಂದೂಮುಕ್ಕಾಲರ ಸುಮಾರಿಗೆ ಹತ್ತು ನಿಮಿಷ ಕಣ್ಣಾಡಿಸಬಹುದು. ಹೊಸ ಅಧ್ಯಾಯವನ್ನು ತೆರೆಯಬಾರದು. ಚಹಾದ ಅಭ್ಯಾಸವಿದ್ದವರು ಅರ್ಧ ಲೋಟ ಕುಡಿಯುವುದೂ ಆಗಲೇ, ಅದರ ಪರಿಣಾಮಕ್ಕೆ ಸುಮಾರು ಅರ್ಧ ಗಂಟೆ ಬೇಕು. ಬಳಿಕ ಶೌಚಾಲಯಕ್ಕೆ ಹೋಗಿ, ಮುಖಕ್ಕೆ ತಣ್ಣೀರು ಹಾಕಿಕೊಂಡು, ಪ್ರವೇಶಪತ್ರ ಮತ್ತು ಪೆನ್ನನ್ನು ನೋಡಿಕೊಂಡು, ಮೊಬೈಲನ್ನು ಹೊರಗಿರುವ ಹಿರಿಯರ ಕೈಗೆ ಕೊಟ್ಟು, ಪ್ರವೇಶಪತ್ರದಲ್ಲಿ ಸೂಚಿಸಿದ ವೇಳೆಗೆ ಒಳಗೆ ಹೋಗಬೇಕು.