ಕಿವುಡು, ಕಿವಿ ಮಂದ, ಶ್ರವಣದೋಷ: ಮಗುವಿನ ದಾಖಲೆಯಲ್ಲಿರುವ ಈ ಪದಗಳ ಅರ್ಥವೇನು?

ಹೈದರಾಬಾದ್: ಸಿಕಂದರಾಬಾದ್‌ನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. 1983ರಲ್ಲಿ ಮುಂಬೈನಲ್ಲಿ ಆರಂಭವಾದ ಈ ಸಂಸ್ಥೆಯ ಹೆಸರಿನಲ್ಲಿ ಮೊದಲು 'ಹಿಯರಿಂಗ್ ಹ್ಯಾಂಡಿಕ್ಯಾಪ್ಡ್' ಎಂದಿತ್ತು. ಈಗ 'ಸ್ಪೀಚ್ ಆ್ಯಂಡ್ ಹಿಯರಿಂಗ್ ಡಿಸೆಬಿಲಿಟೀಸ್' ಎಂದಿದೆ, ಜೊತೆಗೆ 'ದಿವ್ಯಾಂಗಜನ' ಎಂಬ ಪದವೂ ಸೇರಿದೆ. ಆದರೆ ಜನರ ಬಾಯಲ್ಲಿ ಇಂದಿಗೂ 'ಕಿವುಡ-ಮೂಗ' ಎಂಬ ಜೋಡಿ ಪದ ಉಳಿದುಕೊಂಡಿದೆ.

ಈ ಜೋಡಿ ಪದವೇ ತಪ್ಪು. ಕೇಳಿಸದ ಬಹುತೇಕ ಮಕ್ಕಳ ಧ್ವನಿಪೆಟ್ಟಿಗೆಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ. ಮಾತು ಕಿವಿಗೆ ಬೀಳದ ಕಾರಣ ಮಾತು ಕಲಿಯುವುದು ಕಷ್ಟವಾಗುತ್ತದೆ, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಶ್ರವಣದೋಷ ಮತ್ತು ಮಾತಿನ ವೈಕಲ್ಯವನ್ನು ಬೇರೆ ಬೇರೆಯಾಗಿಯೇ ಪಟ್ಟಿ ಮಾಡಿದೆ.

ಕಾನೂನು ಹೇಳುವುದೇನು?: ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟವಿದ್ದರೆ 'ಕಿವುಡು'. 60ರಿಂದ 70 ಡೆಸಿಬಲ್ ಇದ್ದರೆ 'ಹಾರ್ಡ್ ಆಫ್ ಹಿಯರಿಂಗ್', ನಮ್ಮ ಮಾತಲ್ಲಿ ಕಿವಿ ಮಂದ. ಎರಡನ್ನೂ ಒಳಗೊಂಡ ಪದವೇ 'ಶ್ರವಣದೋಷ'.

ಇಲ್ಲೇ ಹಲವು ಪೋಷಕರು ಎಡವುವುದು. 60 ಡೆಸಿಬಲ್ ಎಂದರೆ ಶೇ 60ರಷ್ಟು ಕಿವುಡು ಎಂದಲ್ಲ. ಡೆಸಿಬಲ್ ಶಬ್ದದ ಅಳತೆ. 10 ಡೆಸಿಬಲ್ ಹೆಚ್ಚಾದರೆ ಶಬ್ದದ ತೀವ್ರತೆ 10 ಪಟ್ಟಾಗುತ್ತದೆ. ಪ್ರಮಾಣಪತ್ರದಲ್ಲಿನ ಶೇಕಡಾವಾರು ಲೆಕ್ಕವೇ ಬೇರೆ. ಸರ್ಕಾರಿ ಮೀಸಲಾತಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು.

ಹಾಗಾದರೆ ಎರಡೂ ಕಿವಿಗಳಲ್ಲಿ 45 ಡೆಸಿಬಲ್ ನಷ್ಟವಿರುವ ಮಗು? ಕಾಯ್ದೆಯ ವ್ಯಾಖ್ಯೆಯೊಳಗೆ ಅದು ಬರುವುದಿಲ್ಲ. ಆದರೆ ಚೆನ್ನಾಗಿ ಕೇಳುವ ಕಿವಿಯಲ್ಲೂ 35 ಡೆಸಿಬಲ್‌ಗಿಂತ ಹೆಚ್ಚು ನಷ್ಟವಿದ್ದರೆ ನೆರವು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗದ್ದಲದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಇಂಥ ಮಗುವಿಗೆ ಸಿಗುವ ಹೆಸರು ಸಾಮಾನ್ಯವಾಗಿ 'ಗಮನವಿಲ್ಲದ ಹುಡುಗ'.

'ಕಿವುಡ' ಎಂಬುದು ಬೈಗುಳವಾಗಿ ಬಳಕೆಯಾಗುವುದರಿಂದ ಪತ್ರಿಕೆಗಳು 'ಶ್ರವಣದೋಷವುಳ್ಳವರು' ಎಂದು ಬರೆಯುತ್ತವೆ. ಆದರೆ ಸನ್ನೆ ಭಾಷೆ ಬಳಸುವ ಅನೇಕರಿಗೆ 'ದೋಷ' ಎಂಬ ಪದವೇ ಇಷ್ಟವಿಲ್ಲ, ತಮ್ಮದು ಬೇರೆ ಭಾಷೆಯ ಸಮುದಾಯ ಎಂಬುದು ಅವರ ವಾದ. ಅವರ ಜಾಗತಿಕ ಒಕ್ಕೂಟದ ಹೆಸರೂ 'ವರ್ಲ್ಡ್ ಫೆಡರೇಶನ್ ಆಫ್ ದಿ ಡೆಫ್' ಎಂದೇ ಇದೆ.

ಪೋಷಕರು ಕೇಳಬೇಕಾದದ್ದು: ವಿಶೇಷ ಶಿಕ್ಷಕರಿಗೆ ಡೆಸಿಬಲ್‌ನಷ್ಟೇ ಮುಖ್ಯವಾದದ್ದು ನಷ್ಟ ಯಾವಾಗ ಆಯಿತು ಎಂಬುದು. ಮಾತು ಕಲಿಯುವ ಮೊದಲೇ ಆಗಿದ್ದರೆ ಕಲಿಸುವ ದಾರಿಯೇ ಬೇರೆ. ಹೀಗಾಗಿ ಆಡಿಯೋಗ್ರಾಮ್ ಪಡೆಯುವಾಗ ಎರಡೂ ಕಿವಿಗಳ ಅಂಕಿಗಳನ್ನು ಬರೆಸಿಕೊಳ್ಳಿ, ತೊಂದರೆ ಶುರುವಾದ ವಯಸ್ಸನ್ನೂ ದಾಖಲಿಸಿ. ಕರ್ನಾಟಕದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಲಭ್ಯ.